ಚಟ ಬೇಡಿದ ಜೋಳಿಗೆ

ಬೇಡುವ ಜೋಳಿಗೆಗೆ ನಮ್ಮ ಸೀಮೆಯಲ್ಲಿ ಜಾತಿ ಇಲ್ಲ. ಜಂಗಮರ ಹೆಗಲಿಗೂ ಅದೇ, ಫಕೀರರ ಹೆಗಲಿಗೂ ಅದೇ. ಬಾಗಿಲಿಗೆ ಬಂದವರು ಯಾರೆಂದು ನೋಡಿ ಜೋಳದ ಬೊಗಸೆಯನ್ನು ಹಿರಿದು ಕಿರಿದು ಮಾಡುವುದು ನಮ್ಮವ್ವನಿಗೆ ಗೊತ್ತಿರಲಿಲ್ಲ. ನಾನು ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿದವಳು. ಹುನಗುಂದ ಸೀಮೆಯ ಶಾಲೆಗಳಲ್ಲಿ ಕನ್ನಡ ಕಲಿಸಿ, ಈಗ ಬಾಗಲಕೋಟೆಯ ನವನಗರದಲ್ಲಿ ನೆಲೆ ನಿಂತಿದ್ದೇನೆ. ಈ ಜೋಳಿಗೆಯ ಕಥೆಯನ್ನು ಬರೆದಿಡಲು ಕಾರಣವಿದೆ. ಇದೇ ನೆಲದ ಸ್ವಾಮಿಗಳೊಬ್ಬರು ಮನೆಮನೆಗೆ ಹೋಗಿ, ಜೋಳ ಬೇಡದೆ ಜನರ ಚಟಗಳನ್ನು ಬೇಡಿದರು.

ಜೋಳಿಗೆಯೊಳಗೆ ಏನು ಬೀಳಬೇಕು, ಏನು ಬೀಳಬಾರದು ಎಂಬ ಲೆಕ್ಕ ನಮ್ಮಲ್ಲಿ 12ನೇ ಶತಮಾನದಷ್ಟು ಹಳೆಯದು. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ ಇರುವುದು ಹುನಗುಂದ ತಾಲ್ಲೂಕಿನಲ್ಲಿ; ಬಸವಣ್ಣನವರು ಅಲ್ಲಿ ಓದಿದರು, ಅಲ್ಲಿಯೇ ಐಕ್ಯರಾದರು. ಇಳಕಲ್ಲಿನ ನೆರೆಯ ಲಿಂಗಸುಗೂರು ಸೀಮೆಯಿಂದ ಬಸವಣ್ಣನವರಿದ್ದ ಕಲ್ಯಾಣಕ್ಕೆ ಹೋದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ತಿರುಗಿ ಸುರಿದು ಬರಲು ಕಳಿಸಿದಳು. ಬೇಡದ್ದು ಮನೆಯೊಳಗೆ ಬರಬಾರದು ಎಂದು ಗಂಡನಿಗೇ ಹೇಳಿದ ಹೆಣ್ಣುಮಗಳು ಆಕೆ.

ಆಮೇಲೆ ಆದಿಲಶಾಹಿಯ ಕಾಲಕ್ಕೆ ವಿಜಾಪುರದ ಸೂಫಿಗಳು ಬಂದರು. 1997ರವರೆಗೆ ಬಾಗಲಕೋಟೆಯೂ ವಿಜಾಪುರ ಜಿಲ್ಲೆಯೊಳಗೇ ಇತ್ತು. ಆ ಸೂಫಿಗಳು ದಖನಿ ಭಾಷೆಯಲ್ಲಿ ಬೀಸುವ ಕಲ್ಲಿನ ಹಾಡು, ನೂಲುವ ರಾಟಿಯ ಹಾಡು ಕಟ್ಟಿದರು. ಚಕ್ಕಿನಾಮಾ, ಚರಖಾನಾಮಾ ಎಂದೇ ಅವಕ್ಕೆ ಹೆಸರು. ಹೆಂಗಸರ ದಿನದ ದುಡಿಮೆಯಲ್ಲೇ ದೇವರ ನೆನಹು ಬೆರೆಯಿತು. ಇಂದಿಗೂ ಮೊಹರಂ ಬಂತೆಂದರೆ ನಮ್ಮ ಕಡೆಯ ಎಷ್ಟೋ ಹಿಂದೂ ಮನೆಗಳಲ್ಲಿ ಹರಕೆ ಹೊತ್ತು ಮಕ್ಕಳನ್ನು ಫಕೀರರನ್ನಾಗಿ ಮಾಡುತ್ತಾರೆ. ಕೊರಳಿಗೆ ಲಾಡಿ ಹಾಕಿಕೊಂಡು ಮಕ್ಕಳು ಐದು ಮನೆ ಭಿಕ್ಷೆ ಬೇಡಿ ಬರುತ್ತಾರೆ. ನನ್ನ ತಮ್ಮನೂ ಹಾಗೆ ಬೇಡಿದವನೇ. ಇಳಕಲ್ಲಿನಲ್ಲಿ ಮುರ್ತುಜಾ ಖಾದ್ರಿಯವರ ದರ್ಗಾಕ್ಕೆ ನಡೆದುಕೊಳ್ಳುವವರೂ ಎಲ್ಲ ಜಾತಿಯವರು.

ಇಂಥ ನೆಲದಲ್ಲಿ ಚಿತ್ತರಗಿ-ಇಳಕಲ್ಲಿನ ವಿಜಯಮಹಾಂತೇಶ್ವರ ಮಠ ಬೆಳೆಯಿತು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಕಟ್ಟುವಾಗ ಈ ಮಠದ ವಿಜಯಮಹಾಂತ ಶಿವಯೋಗಿಗಳ ಮಾತು ಕೇಳಿ ಮುನ್ನಡೆದರೆಂದು ಹಿರಿಯರು ಹೇಳುತ್ತಾರೆ. ಅದೇ ಪೀಠಕ್ಕೆ 1970ರಲ್ಲಿ ಬಂದವರು ಮಹಾಂತ ಶಿವಯೋಗಿಗಳು. ಹುಟ್ಟಿದ್ದು 1930ರ ಆಗಸ್ಟ್ 1. ನಮಗೆಲ್ಲ ಅವರು ಮಹಾಂತಪ್ಪಗಳು. 1975ರಲ್ಲಿ ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿಗೆ ಇಳಿದರು. ಸೆರೆ, ಬೀಡಿ, ತಂಬಾಕು, ಗಾಂಜಾ, ಇಸ್ಪೀಟು, ಯಾವ ಚಟವಿದ್ದರೂ ಇದರಲ್ಲಿ ಹಾಕಿಬಿಡಿ ಎಂಬುದೇ ಅವರ ಬೇಡಿಕೆ. ದಲಿತರ ಕೇರಿ, ಮುಸ್ಲಿಮರ ಗಲ್ಲಿ, ನೇಕಾರರ ಓಣಿ, ಎಲ್ಲಿಯೂ ಅವರು ಹೊರಗೆ ನಿಲ್ಲಲಿಲ್ಲ. ಜನ ಅದನ್ನು ಮಹಾಂತ ಜೋಳಿಗೆ ಎಂದು ಕರೆದರು.

ನೇಕಾರಿಕೆಗೂ ಕುಡಿತಕ್ಕೂ ಹೊಂದುವುದಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ರಾತ್ರಿ ಕುಡಿದವನ ಬೆರಳು ಬೆಳಿಗ್ಗೆ ಆ ಕೊಂಡಿ ಹಿಡಿಯಲಾರವು. ನಮ್ಮಪ್ಪನ ಬೆರಳು ಹಾಗೆ ನಡುಗುವುದನ್ನು ಕುಣಿಮಗ್ಗದ ಪಕ್ಕ ಕೂತು ನಾನು ನೋಡಿದ್ದೇನೆ. ಕೂಲಿ ಬಂದ ದಿನ ಅವ್ವ ಬಾಗಿಲಲ್ಲಿ ಕಾಯುವಳು. ರೊಕ್ಕ ಮನೆಗೆ ಬರುವ ಮೊದಲೇ ಅಂಗಡಿ ಸೇರಿರುತ್ತಿತ್ತು.

ಮಹಾಂತಪ್ಪಗಳು ನಮ್ಮ ಓಣಿಗೆ ಬಂದ ದಿನ ನಮ್ಮಪ್ಪ ಮಗ್ಗ ಬಿಟ್ಟು ಏಳಲು ನಾಚಿದ. ಅವ್ವನೇ ಕೈ ಹಿಡಿದು ಕರೆತಂದಳು. ಕಾವಿಯ ಜೋಳಿಗೆ ಬಾಯಿ ತೆರೆದುಕೊಂಡು ನಿಂತಿತ್ತು. ತಳದಲ್ಲಿ ಬೀಡಿಯ ಕಟ್ಟುಗಳು, ಒಂದು ಇಸ್ಪೀಟಿನ ಕಟ್ಟು. ಅಪ್ಪ ಬರಿಗೈಯನ್ನೇ ಅದರೊಳಗೆ ಇಟ್ಟು, ‘ಇವತ್ತಿಗೆ ಬಿಟ್ಟೆ’ ಎಂದ. ಅವನ ಹಿಂದೆ ಪಕ್ಕದ ಮನೆಯ ಕಾಕಾ ನಿಂತಿದ್ದರು. ನಮಾಜು ತಪ್ಪಿಸದ ಆ ಕಾಕಾನಿಗೂ ಸೆರೆಯ ಚಟವಿತ್ತು. ಅವರು ಕೈ ಹಾಕಿ, ‘ಅಲ್ಲಾನ ಮುಂದ ತೋಬಾ ಮಾಡೀನಿ ಯಪ್ಪಾ, ನೀವ ಸಾಕ್ಷಿ’ ಎಂದರು. ಬೇರೆ ದೇವರ ಹೆಸರಿನಲ್ಲಿ ಆಣೆ ಮಾಡೆಂದು ಅವರಿಗೆ ಯಾರೂ ಹೇಳಲಿಲ್ಲ. ಇಬ್ಬರ ಚಟವೂ ಒಂದೇ ಜೋಳಿಗೆಗೆ ಬಿತ್ತು.

ಅಪ್ಪ ಒಮ್ಮೆ ಜಾರಿದ, ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ. ನಾಟಕ ನೋಡಲು ಹೋದವನು ಕುಡಿದು ಬಂದ. ಮರುದಿನ ಯಾರೂ ಹೇಳದೆ ತಾನೇ ಮಠಕ್ಕೆ ನಡೆದು ಮತ್ತೆ ಜೋಳಿಗೆಗೆ ಕೈ ಹಾಕಿ ಬಂದ. ಆಮೇಲೆ ಸಾಯುವವರೆಗೆ ಮುಟ್ಟಲಿಲ್ಲ. ದೇವರ ಬಗ್ಗೆ ಹೆಚ್ಚು ಮಾತಾಡುವವನಲ್ಲ. ಮುಪ್ಪಿನಲ್ಲಿ ಒಮ್ಮೆ ನಾನೇ ಕೇಳಿದಾಗ, ‘ದೇವ್ರನ್ನ ನಾ ಕಂಡಿಲ್ಲವಾ. ಆದ್ರ ಅವತ್ತ ಜೋಳಿಗ್ಯಾಗ ಕೈ ಇಟ್ಟಾಗ ಮೈಯಾಗಿಂದ ಏನೋ ಇಳದು ಹೋತು, ಅದರ ಜಾಗಾಕ್ಕ ಯಾರೋ ಬಂದು ಕುಂತ್ರು’ ಎಂದ. ಕಾಕಾ ತಮ್ಮ ತೋಬಾದ ಬಗ್ಗೆ ಹೇಳುತ್ತಿದ್ದದ್ದೂ ಹೆಚ್ಚು ಕಡಿಮೆ ಇದೇ. ಶರಣರು ಅನುಭಾವವೆಂದು ಕೂತು ಚರ್ಚಿಸಿದ್ದು, ಸೂಫಿಗಳು ಬೀಸುವ ಹಾಡಿಗೆ ಹೊಂದಿಸಿದ್ದು, ಓದು ಬಾರದ ಈ ಇಬ್ಬರಿಗೆ ತಮ್ಮ ಮನೆಯ ಬಾಗಿಲಲ್ಲೇ ದಕ್ಕಿತು ಎಂದು ನಾನು ನಂಬಿದ್ದೇನೆ.

ಧರ್ಮಗಳು ಒಂದಾಗಬೇಕೆಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಕುಡಿತದ ಮನೆಯಲ್ಲಿ ಹೆಂಡತಿ ಅಳುವಾಗ ಯಾವ ಧರ್ಮದ ಅಳು ಎಂದು ಕೇಳಬೇಕಿಲ್ಲ. ಮಹಾಂತಪ್ಪಗಳು ಕೇಳಲೂ ಇಲ್ಲ. ಬೇರೆ ಬೇರೆ ದೇವರಿಗೆ ನಡೆದುಕೊಳ್ಳುವವರನ್ನು ಒಂದೇ ಕಷ್ಟದ ಮುಂದೆ ಅಕ್ಕಪಕ್ಕ ನಿಲ್ಲಿಸಿದರು. ನಮ್ಮ ಓಣಿಯಲ್ಲಿ ಐಕ್ಯತೆ ಬಂದದ್ದು ಹೀಗೆ.

2018ರ ಮೇ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಅಂದು ಕಚೇರಿ, ಶಾಲೆಗಳಲ್ಲಿ ಪ್ರತಿಜ್ಞೆ ಬೋಧಿಸುತ್ತಾರೆ, ಒಳ್ಳೆಯದೇ. ಆದರೆ ಪ್ರತಿಜ್ಞೆ ಹೇಳುವವರಲ್ಲಿ ಹೆಚ್ಚಿನವರು ಚಟವಿಲ್ಲದ ಮಕ್ಕಳು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಓಣಿ ಬಿಟ್ಟುಕೊಟ್ಟು ಬಂದವರ ಈ ನವನಗರದಲ್ಲಿ ಎಲ್ಲ ಜಾತಿಯವರೂ ಸೆಕ್ಟರುಗಳಲ್ಲಿ ಬೆರೆತು ಇದ್ದಾರೆ. ಗುಟಕಾ, ಸೆರೆಯೂ ಹಾಗೆಯೇ ಎಲ್ಲರ ಮನೆ ಹೊಕ್ಕಿವೆ. ಆದ್ದರಿಂದ ಮಠದವರಿಗೆ, ಮಸೀದಿಯ ಹಿರಿಯರಿಗೆ, ಚರ್ಚಿನವರಿಗೆ ನನ್ನ ಕೋರಿಕೆ ಇಷ್ಟೇ: ಮುಂದಿನ ಆಗಸ್ಟ್ 1ರಂದು ವೇದಿಕೆ ಹಾಕಿಸಬೇಡಿ. ಒಂದೇ ಜೋಳಿಗೆ ಹಿಡಿದು, ಕೂಡಿ, ಮನೆಮನೆಗೆ ಬನ್ನಿ.