ಮನೆಯ ಮೂಲೆಯಿಂದ ಹೋಟೆಲಿನ ಗೋಡೆಗೆ

ಹೆದ್ದಾರಿಯಲ್ಲಿ ಊಟಕ್ಕೆಂದು ಇಳಿಯುವವರಿಗೆ ಈಚಿನ ವರ್ಷಗಳಲ್ಲಿ ಒಂದು ನೋಟ ಚಿರಪರಿಚಿತ. ಹೋಟೆಲಿನ ಬಾಗಿಲಲ್ಲಿ ಎತ್ತಿನ ಗಾಡಿಯ ಚಕ್ರ. ಒಳಗೆ ತೂಗುಬಿಟ್ಟ ಲಾಂದ್ರ. ಮೂಲೆಯಲ್ಲಿ ಕಿಲುಬು ಹಿಡಿದ ತಾಮ್ರದ ಹಂಡೆ, ಅದರಿಂದ ಹೊರಚಾಚಿದ ಬಳ್ಳಿ. ಗಾರೆ ಕಿತ್ತುಬಂದಂತಿರುವ ಗೋಡೆಯೂ ಬೇಕೆಂದೇ ಹಾಗೆ ಮಾಡಿಸಿದ್ದು! ಹಳತು, ಪಾಳು, ಹಸಿರು ಮೂರನ್ನೂ ಒಂದೇ ಸೂರಿನಡಿ ತುಂಬಿಡುವ ಈ ಅಲಂಕಾರ ಬಂದದ್ದಾದರೂ ಹೇಗೆ?

ನಮ್ಮ ಹಳೆಯ ಹೋಟೆಲುಗಳಂತೂ ಹೀಗಿರಲಿಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಎಂ.ಟಿ.ಆರ್., 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನಗಳ ಕಾಲದಲ್ಲಿ ಹೋಟೆಲಿನ ಹೆಮ್ಮೆ ಇದ್ದುದು ರುಚಿ ಮತ್ತು ಶುಚಿಯಲ್ಲಿ. ಒರೆಸಿದ ಮೇಜು, ಗೋಡೆಯ ಮೇಲೊಂದು ದೇವರ ಪಟ, ಒಂದು ಕ್ಯಾಲೆಂಡರು ಇದ್ದರೆ ಸಾಕಿತ್ತು. ಮಾಗಡಿ, ಕನಕಪುರದ ಕಡೆಯಿಂದ ಸಂತೆಗೋ ಕೋರ್ಟಿಗೋ ಬಂದ ರೈತ ಹೋಟೆಲಿಗೆ ಹೋಗುತ್ತಿದ್ದುದು ಮನೆಯಲ್ಲಿಲ್ಲದ್ದನ್ನು ತಿನ್ನಲು, ನೋಡಲು. ಹಂಡೆ, ಒರಳು ಅವನ ಮನೆಯಲ್ಲೇ ಇದ್ದವು. ಅವನ್ನು ಹೋಟೆಲಿನಲ್ಲಿ ಅಂದಕ್ಕೆ ಇಟ್ಟಿದ್ದರೆ ನಕ್ಕುಬಿಡುತ್ತಿದ್ದ.

ಬಳಕೆ ತಪ್ಪಿದ ಮೇಲೆಯೇ ವಸ್ತುವೊಂದು ಅಲಂಕಾರವಾಗುತ್ತದೆ. 1956ರ ಕಾಯ್ದೆಯಂತೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕ ಜಾರಿಗೆ ಬಂತು. ಅದರೊಂದಿಗೆ ಸೇರು, ಕೊಳಗಗಳ ಅಧಿಕಾರ ಹೋಯಿತು. ಹಿಟ್ಟಿನ ಗಿರಣಿ ಬಂದು, ನಸುಕಿನಲ್ಲಿ ಹಾಡಿನೊಂದಿಗೆ ತಿರುಗುತ್ತಿದ್ದ ರಾಗಿ ಕಲ್ಲು ಮೂಲೆ ಸೇರಿತು. ಸ್ಟೀಲು ಬಂದಮೇಲೆ ಎಷ್ಟೋ ಮನೆಗಳ ಹಿತ್ತಾಳೆ, ತಾಮ್ರ ತೂಕದ ಲೆಕ್ಕದಲ್ಲಿ ಪಾತ್ರೆ ಅಂಗಡಿಗೆ ಹೋಗಿ ಕರಗಿದವು.

ಕರಗುವ ಮೊದಲೇ ಎತ್ತಿಟ್ಟವರು ಕೆಲವರು. ಅಹಮದಾಬಾದಿನಲ್ಲಿ ಸುರೇಂದ್ರ ಪಟೇಲ್ 1978ರಲ್ಲಿ 'ವಿಶಾಲಾ' ಎಂಬ ಹಳ್ಳಿ ಮಾದರಿಯ ಊಟದ ಮನೆ ತೆರೆದರು. ಲಾಂದ್ರದ ಬೆಳಕಿನಲ್ಲಿ ಊಟ. ಆವರಣದಲ್ಲೇ ಹಳೆಯ ಪಾತ್ರೆಗಳ ಸಂಗ್ರಹಾಲಯ. ಮರುವರ್ಷ, 1979ರಲ್ಲಿ, ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಐ.ಎ.ಎಸ್. ಅಧಿಕಾರಿಯಾಗಿದ್ದ ಅವರ ಕನಸು 1994ರಲ್ಲಿ ರಾಮನಗರದ ಬಳಿ, 15 ಎಕರೆಯಲ್ಲಿ, ಜಾನಪದ ಲೋಕವಾಗಿ ನನಸಾಯಿತು. ಅದರ ಮಗ್ಗುಲಲ್ಲೇ ಹಳ್ಳಿಯ ಸೊಗಡಿನ ಕಾಮತ್ ಲೋಕರುಚಿ ಬಂತು. ಜೋಳದ ರೊಟ್ಟಿ ಊಟಕ್ಕೆ ನಿಂತವರು ಪಕ್ಕದ ಲೋಕಕ್ಕೂ ಒಂದು ಸುತ್ತು ಹೋಗಿಬರುವ ರೂಢಿ ಬೆಳೆಯಿತು.

ಹಾಗಾದರೆ ಪಾಳು ಗೋಡೆಯ ಮೋಹ? ಅದಕ್ಕೆ ಹೆಸರಾದ ಊರು ದೂರದ ಹಂಗೆರಿಯ ರಾಜಧಾನಿ ಬುಡಾಪೆಸ್ಟ್. 2002ರಲ್ಲಿ ಆರಂಭವಾದ ಅಲ್ಲಿನ 'ಸಿಂಪ್ಲಾ ಕೆರ್ಟ್' ಎಂಬ ಪಾನಗೃಹ, ಎರಡು ವರ್ಷಗಳ ನಂತರ ಹಳೆಯ ಯಹೂದಿ ಕೇರಿಯ ಪಾಳು ಕಟ್ಟಡವೊಂದಕ್ಕೆ ಬಂತು. ಕೆಡವಲೆಂದು ಗುರುತಿಸಿದ್ದ ಕಟ್ಟಡವದು. ಬಿರುಕು ಗೋಡೆಯನ್ನು ಹಾಗೇ ಉಳಿಸಿ, ಒಂದಕ್ಕೊಂದು ಹೊಂದದ ಕುರ್ಚಿಗಳನ್ನು ಹಾಕಿ, ಅಂಗಳದ ತುಂಬ ಗಿಡ ಬೆಳೆಸಿದರು. ಗಿರಾಕಿ ಬಂದರು, ಕಟ್ಟಡ ಉಳಿಯಿತು. ಇತ್ತ ತಮಿಳುನಾಡಿನ ಕಾರೈಕುಡಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಚೆಟ್ಟಿನಾಡಿನ ದೊಡ್ಡಮನೆಗಳನ್ನು ಕೆಡವಿ, ಕಂಬ, ಬಾಗಿಲುಗಳನ್ನು ಬಿಡಿಬಿಡಿಯಾಗಿ ಮಾರುವ ಅಂಗಡಿಗಳೇ ಅಲ್ಲಿ ಹುಟ್ಟಿಕೊಂಡವು. ಹೋಟೆಲಿನಲ್ಲಿ ಕಂಬ ಉಳಿಯಿತು, ಮನೆ ಉಳಿಯಲಿಲ್ಲ.

ಹೋಟೆಲಿನವರನ್ನು ದೂರಿ ಫಲವಿಲ್ಲ. ಗುಜರಿಗೆ ಹೋಗಬೇಕಿದ್ದ ಹಂಡೆಗೆ ಅವರು ಒಂದು ಜಾಗವನ್ನಾದರೂ ಕೊಟ್ಟಿದ್ದಾರೆ. ಆದರೆ ಜಾನಪದ ಲೋಕದಲ್ಲಿ ವಸ್ತುವಿಗೊಂದು ಹೆಸರಿದೆ, ಬಳಸಿದ ಕಸುಬಿನವರ ನೆನಪಿದೆ. ಹೋಟೆಲಿನ ಗೋಡೆಗೆ ಬಂದ ಕೂರಿಗೆ ಬರಿಯ ಹಳೆಯ ಮರ. ಅದರಿಂದ ಬಿತ್ತುತ್ತಿದ್ದರೆಂಬುದನ್ನು ಮಾಣಿಯೂ ಅರಿಯ, ಮಾಲೀಕನೂ ಹೇಳ.

ಈಗ ಇನ್ನೊಂದು ಆತಂಕ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಹೋಗುತ್ತದೆ. ಹಿಂದೆ ಕಾಫಿಗೆ ನಿಂತವರು ಜಾನಪದ ಲೋಕವನ್ನೂ ನೋಡುತ್ತಿದ್ದರು. ಈಗ ಅಲ್ಲಿಗೆ ಬರಬೇಕಾದರೆ ಬರಬೇಕೆಂದೇ ಹೊರಡಬೇಕು. ಹೀಗಾಗಿ ಹಳೆಯ ವಸ್ತುಗಳೊಂದಿಗೆ ನಮ್ಮ ಮಕ್ಕಳ ಭೇಟಿ ಇನ್ನು ಬಹುಮಟ್ಟಿಗೆ ಹೋಟೆಲುಗಳಲ್ಲೇ ಆಗಲಿದೆ.

ಆ ವಸ್ತುವಿನ ಕೆಳಗೆ ಅಂಗೈಯಗಲದ ಚೀಟಿಯೊಂದನ್ನು ಅಂಟಿಸಲು ಹೆಚ್ಚು ಖರ್ಚೇನೂ ಇಲ್ಲ. ಇದು ಕೊಳಗ, ಇದರಲ್ಲಿ ರಾಗಿ ಅಳೆಯುತ್ತಿದ್ದರು ಎಂದಷ್ಟು ಬರೆದರೂ ಸಾಕು. ಚೀಟಿ ಇಲ್ಲದ ಕಡೆ, ಊಟ ಬರುವ ತನಕ ಮನೆಯ ಅಜ್ಜಿಯನ್ನು ಕೇಳಬಹುದು. ಕೇಳಲು ಅಜ್ಜಿ ಇರುವಾಗಲೇ ಕೇಳಬೇಕು.