ಎರಕದ ವಿಗ್ರಹಗಳ ಲೋಹನಿರ್ಣಯ

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯು ಕಪಿಲಾತೀರದ ಗ್ರಾಮ. ಅಲ್ಲಿಯ ಅಣೆಕಟ್ಟನ್ನು ದಾಟಿದ ನೀರು ಕೆಳಗೆ ಹರಿದು ನಂಜನಗೂಡನ್ನು ಮುಟ್ಟಿ, ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವುದು. ಈ ತೀರದ ಜನರಿಗೆ ಲೋಹವಿಗ್ರಹವೆಂಬುದು ಅಪರಿಚಿತ ವಸ್ತುವಲ್ಲ. ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂಬ ಐವರು ಐದು ರಥಗಳನ್ನೇರಿ ಬೀದಿಗೆ ಬರುವರು. ಮನೆಮನೆಯ ದೇವರ ಪೆಟ್ಟಿಗೆಯಲ್ಲಿಯೂ ತಲೆಮಾರುಗಳಿಂದ ಬಂದ ಬಾಲಕೃಷ್ಣನೋ ಗಣಪತಿಯೋ ಒಂದಿದ್ದೇ ಇರುವುದು. ಇದು ಯಾವ ಲೋಹವೆಂದು ಕೇಳಿದರೆ ಹಿರಿಯರಿಂದ ಬರುವ ಉತ್ತರವು ಸಾಮಾನ್ಯವಾಗಿ ಒಂದೇ: ‘ಪಂಚಲೋಹ.’

ಈ ಉತ್ತರದಿಂದ ಯಾರಿಗೂ ಬಾಧೆಯಿಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಅಣ್ಣತಮ್ಮಂದಿರು ಆಸ್ತಿಯನ್ನು ವಿಭಾಗಿಸಿಕೊಳ್ಳುವ ದಿನ ಬಂದಾಗ ಅದರ ಫಲವು ಗೋಚರವಾಗುತ್ತದೆ. ಪಂಚಲೋಹವೆಂದಮೇಲೆ ಅದರಲ್ಲಿ ಬಂಗಾರವಿರಲೇಬೇಕು. ಬಂಗಾರವಿದ್ದಮೇಲೆ ಬೆಲೆ ಕಟ್ಟಲೇಬೇಕು. ಆಗ ಪೀಠಕ್ಕೆ ಅರ ಹಾಕುವರು, ಬೆನ್ನನ್ನು ಉಳಿಯಿಂದ ಕೆತ್ತಿ ನೋಡುವರು, ದ್ರಾವಕವನ್ನು ಬಿಡುವರು. ಕೆಲವು ಮನೆಗಳಲ್ಲಿ ವಿಗ್ರಹವು ಕುಲುಮೆಯವರೆಗೂ ಹೋಗುವುದುಂಟು. ನೂರಾರು ವರ್ಷ ಅಭಿಷೇಕಗೊಂಡ ಮೂರ್ತಿಯು ಒಂದು ಹೆಸರಿನ ತಪ್ಪು ತಿಳಿವಳಿಕೆಯಿಂದ ಹೀಗೆ ನಾಶವಾಗುತ್ತದೆ. ಆದುದರಿಂದ ಈ ಹೆಸರನ್ನು ಮೊದಲು ವಿಚಾರಿಸುವುದು ಯುಕ್ತವಾಗಿದೆ.

ಪಂಚಲೋಹ ಎಂಬುದು ಸಂಖ್ಯಾವಾಚಕ ಸಮಾಸ. ಐದು ಲೋಹಗಳ ಸಮೂಹ ಎಂದರ್ಥ. ಆ ಐದು ಯಾವುವು ಎಂಬಲ್ಲಿ ಎಲ್ಲರ ಪಟ್ಟಿಯೂ ಒಂದೇ ಅಲ್ಲ. ಚಿನ್ನ, ಬೆಳ್ಳಿ, ತಾಮ್ರಗಳು ಸಾಮಾನ್ಯವಾಗಿ ಬರುವುವು. ಉಳಿದ ಎರಡು ಸ್ಥಾನಗಳಲ್ಲಿ ಒಬ್ಬರು ತವರ ಸೀಸಗಳನ್ನು ಹೇಳಿದರೆ, ಮತ್ತೊಬ್ಬರು ಹಿತ್ತಾಳೆಯನ್ನೋ ಕಬ್ಬಿಣವನ್ನೋ ಸೇರಿಸುವರು. ಹಿತ್ತಾಳೆಯಾದರೋ ತಾನೇ ತಾಮ್ರ ಮತ್ತು ಸತುಗಳ ಬೆರಕೆ. ಕಂಚು ತಾಮ್ರ ಮತ್ತು ತವರಗಳ ಬೆರಕೆ. ಹೀಗಿರಲು ಪಂಚಲೋಹವೆಂಬುದು ಪೂಜ್ಯತೆಯನ್ನು ಸೂಚಿಸುವ ಹೆಸರೇ ಹೊರತು ಪರೀಕ್ಷೆಯಿಂದ ದೊರೆತ ನಿರ್ಣಯವಲ್ಲ.

ಎರಕದ ಕುಶಲಿಗಳು ಲೋಹವನ್ನು ಹೆಸರಿನಿಂದಲ್ಲದೆ ತೂಕದಿಂದ ಬಲ್ಲವರಾಗಿದ್ದರೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಪ್ರಬಲ ಸಾಕ್ಷ್ಯವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇದಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ನಾಮಾಂತರವುಂಟು. ಈ ಹೆಸರಿನಿಂದಲೇ ಅದರ ಒಂದು ಭಾಗವು ೧೯೨೬ರಲ್ಲಿ ಮೈಸೂರಿನಲ್ಲಿ ಮುದ್ರಿತವಾಯಿತು. ರಾಜನಿಗೆ ತಿಳಿದಿರಬೇಕಾದ ವಿಷಯಗಳ ನಡುವೆ ಸೋಮೇಶ್ವರನು ವಿಗ್ರಹವನ್ನು ಎರಕಹೊಯ್ಯುವ ಕ್ರಮವನ್ನೂ ವಿಸ್ತಾರವಾಗಿ ಹೇಳಿರುವನು.

ಆ ಕ್ರಮವು ಹೀಗೆ: ಮೊದಲು ಮೂರ್ತಿಯನ್ನು ಜೇನುಮೇಣದಲ್ಲಿ ತಿದ್ದಬೇಕು. ಅದಕ್ಕೆ ಮೇಣದ ನಾಳಗಳನ್ನು ಜೋಡಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಇವುಗಳನ್ನು ಸೇರಿಸಿ ನುಣ್ಣಗೆ ಅರೆದ ಮಣ್ಣನ್ನು ಮೂರು ಸಾರಿ ಲೇಪಿಸಬೇಕು; ಮೊದಲನೆಯ ಲೇಪ ತೆಳ್ಳಗಿದ್ದು ನೆರಳಿನಲ್ಲಿ ಒಣಗಬೇಕು, ಕಡೆಯದು ದಪ್ಪವಾಗಿರಬೇಕು. ಬಳಿಕ ಅಚ್ಚನ್ನು ಕಾಯಿಸಿದರೆ ಮೇಣವು ಕರಗಿ ಹೊರಗೆ ಹರಿಯುವುದು. ಬರಿದಾದ ಆ ಸ್ಥಳಕ್ಕೆ ಕರಗಿದ ಲೋಹವನ್ನು ಧಾರೆ ಕಡಿಯದಂತೆ ಹೊಯ್ದು, ತಣಿದಮೇಲೆ ಮಣ್ಣನ್ನು ಒಡೆದು ನಾಳಗಳನ್ನು ಕತ್ತರಿಸಬೇಕು. ಅಚ್ಚು ಒಂದೇ ಸಲಕ್ಕೆ ಒಡೆದುಹೋಗುವುದರಿಂದ ಹೀಗೆ ಹುಟ್ಟಿದ ವಿಗ್ರಹಕ್ಕೆ ಸರಿಜೋಡಿ ಮತ್ತೊಂದಿಲ್ಲ. ಕರಗಿಸಿ ಮತ್ತೆ ಹೊಯ್ದರೆ ಬರುವುದು ಬೇರೆಯ ವಿಗ್ರಹ.

ಈ ಪ್ರಕರಣದಲ್ಲಿ ಗಮನಿಸತಕ್ಕ ಮಾತೊಂದುಂಟು. ಮಣ್ಣು ಲೇಪಿಸುವ ಮೊದಲೇ ಮೇಣವನ್ನು ತೂಗಬೇಕೆಂದೂ, ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಬಂಗಾರವಾದರೆ ಹದಿನಾರು ಪಟ್ಟು ತೆಗೆದುಕೊಳ್ಳಬೇಕೆಂದೂ, ತಾಮ್ರ ಹಿತ್ತಾಳೆಗಳಿಗೆ ಇವೆರಡಕ್ಕಿಂತಲೂ ಕಡಮೆ ಸಾಕೆಂದೂ ಗ್ರಂಥವು ವಿಧಿಸುತ್ತದೆ. ಮೇಣವಿದ್ದಷ್ಟೇ ಸ್ಥಳವನ್ನು ಲೋಹವು ತುಂಬುವುದು. ಸ್ಥಳ ಒಂದೇ ಆದರೂ ತೂಕ ಬೇರೆ. ಇಂದಿನ ಲೆಕ್ಕದಲ್ಲಿ ಬೆಳ್ಳಿಯು ಮೇಣದ ಸುಮಾರು ೧೧ ಪಟ್ಟು, ಶುದ್ಧ ಬಂಗಾರವು ೨೦ ಪಟ್ಟು ತೂಗುವುದು. ಗ್ರಂಥದ ಬೆಳ್ಳಿಯ ಸಂಖ್ಯೆ ಇದಕ್ಕೆ ಸಮೀಪವಾಗಿದೆ. ಬಂಗಾರದ ಸಂಖ್ಯೆಯು ಬೆರಕೆಯ ಬಂಗಾರಕ್ಕೆ ಒಪ್ಪುವಂತಿದೆ.

ಲೋಹನಿರ್ಣಯಕ್ಕೆ ಮೊದಲ ಸಾಧನವೂ ಇದೇ ತತ್ತ್ವ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ಪಂಡಿತ ಆರ್ಕಿಮಿಡೀಸನು ರಾಜನ ಕಿರೀಟವನ್ನು ಕೆಡಿಸದೆಯೇ ಅದರ ಬಂಗಾರವನ್ನು ಪರೀಕ್ಷಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ವಿಗ್ರಹವನ್ನು ಮೊದಲು ಹಾಗೆಯೇ ತೂಗಿ, ಬಳಿಕ ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿಯಾಗಿ ಮುಳುಗಿಸಿ ತೂಗಬೇಕು. ೮೯೦ ಗ್ರಾಂ ಇದ್ದದ್ದು ನೀರಿನಲ್ಲಿ ೭೯೦ ಆದರೆ, ಕಡಮೆಯಾದ ೧೦೦ರಿಂದ ೮೯೦ನ್ನು ಭಾಗಿಸಬೇಕು, ೮.೯ ಬರುವುದು. ತಾಮ್ರದ ಸಾಪೇಕ್ಷ ಸಾಂದ್ರತೆ ೮.೯, ಹಿತ್ತಾಳೆಯದು ಸಾಮಾನ್ಯವಾಗಿ ೮.೪ರಿಂದ ೮.೭, ಕಂಚಿನದು ೮.೮ರ ಆಸುಪಾಸು, ಬೆಳ್ಳಿ ೧೦.೫, ಸೀಸ ೧೧.೩, ಬಂಗಾರ ೧೯.೩. ಸಂಖ್ಯೆ ೯ರ ಹತ್ತಿರವಿದ್ದರೆ ಅದು ಬಂಗಾರದ ಮೂರ್ತಿಯಲ್ಲವೆಂದು ಅರ ಹಾಕದೆಯೇ ತಿಳಿಯುವುದು. ೨.೭ರ ಸುತ್ತಿನಲ್ಲಿದ್ದು ವಿಗ್ರಹವು ಗಟ್ಟಿಯಾಗಿದ್ದರೆ ಅದು ಅಲ್ಯೂಮಿನಿಯಂ, ಅಂಥದು ಪ್ರಾಚೀನವಾಗಿರಲಾರದು.

ಆದರೆ ನೀರಿನ ಸಾಕ್ಷ್ಯವನ್ನು ಮಿತಿಯರಿತು ನಂಬಬೇಕು. ಟೊಳ್ಳು ವಿಗ್ರಹದ ಒಳಗೆ ಮಣ್ಣು ಉಳಿದಿದ್ದರೆ ಸಂಖ್ಯೆ ಇಳಿಯುವುದು. ಸೀಸ ಬೆರೆತಿದ್ದರೆ ಏರುವುದು. ಆದುದರಿಂದ ಕಂಚು ಹಿತ್ತಾಳೆಗಳ ವಿವಾದವು ಇದೊಂದರಿಂದಲೇ ತೀರದು. ಬಣ್ಣವೂ ಪೂರ್ಣ ಪ್ರಮಾಣವಲ್ಲ. ಹಸುರು ಕಿಲುಬು ತಾಮ್ರವಿದೆಯೆಂಬುದನ್ನು ಮಾತ್ರ ತಿಳಿಸುತ್ತದೆ; ತಾಮ್ರವು ಕಂಚು ಹಿತ್ತಾಳೆಗಳೆರಡರಲ್ಲಿಯೂ ಉಂಟಷ್ಟೆ. ಮೇಲಿನ ಕಪ್ಪಾದರೋ ಅನೇಕ ವೇಳೆ ದೀಪದ ಎಣ್ಣೆಯ ಮತ್ತು ಹೊಗೆಯ ಕಾಣಿಕೆ.

ಈ ಸಂದೇಹವನ್ನು ಕಳೆಯಲು ಇಂದು ಕ್ಷ-ಕಿರಣದ ಉಪಕರಣವಿದೆ. ಕಿರಣ ತಾಗಿದಾಗ ಒಂದೊಂದು ಧಾತುವೂ ತನ್ನದೇ ಆದ ಕಿರಣವನ್ನು ಹೊರಸೂಸುವುದರಿಂದ, ವಿಗ್ರಹಕ್ಕೆ ಗಾಯವಾಗದಂತೆ ತಾಮ್ರವೆಷ್ಟು, ತವರವೆಷ್ಟು, ಸತುವೆಷ್ಟು ಎಂದು ಅಳೆಯಬಹುದು. ಅದು ಹೊರಮೈಯನ್ನು ಮಾತ್ರ ಓದುವುದರಿಂದ ಕಿಲುಬಿನ ಮೇಲೆ ಹಿಡಿದರೆ ಫಲ ತಪ್ಪಾಗುವುದು. ಸತುವಿನ ಪ್ರಮಾಣವು ಕಾಲನಿರ್ಣಯಕ್ಕೂ ನೆರವಾಗುವುದುಂಟು. ಸತುವಿನ ಅದಿರನ್ನು ತಾಮ್ರದೊಡನೆ ಕಾಯಿಸುವ ಹಳೆಯ ಕ್ರಮದಲ್ಲಿ ಹಿತ್ತಾಳೆಗೆ ನೂರಕ್ಕೆ ಸುಮಾರು ೨೮ ಭಾಗಕ್ಕಿಂತ ಹೆಚ್ಚು ಸತು ಸೇರದು. ಅದನ್ನು ಬಹಳವಾಗಿ ಮೀರಿದ್ದರೆ, ಸತುವನ್ನು ಪ್ರತ್ಯೇಕವಾಗಿ ಇಳಿಸಿ ಬೆರೆಸಿದ ಕಾಲದ್ದೆಂದು ಊಹಿಸಬೇಕು.

ಪಂಚಲೋಹದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ವಿದುಷಿ ಶಾರದಾ ಶ್ರೀನಿವಾಸನ್ ಅವರು ೧೯೯೬ರಲ್ಲಿ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಸಲ್ಲಿಸಿದರು. ದಕ್ಷಿಣ ಭಾರತದ ಸುಮಾರು ೧೩೦ ಲೋಹವಿಗ್ರಹಗಳನ್ನು ಪರೀಕ್ಷಿಸಲಾಗಿ, ಬಹುಪಾಲು ಸೀಸ ಬೆರೆತ ಕಂಚೆಂದೂ, ಕೆಲವು ಸೀಸ ಬೆರೆತ ಹಿತ್ತಾಳೆಯೆಂದೂ ತಿಳಿದುಬಂದಿತು. ಚಿನ್ನ ಬೆಳ್ಳಿಗಳು ಲೇಶಮಾತ್ರವಾಗಿದ್ದುವು. ಎರಕದ ವೇಳೆಯಲ್ಲಿ ಭಕ್ತರು ಒಂದು ಚೂರು ಬಂಗಾರವನ್ನು ಮೂಸೆಗೆ ಹಾಕುವ ಪದ್ಧತಿ ಶ್ರದ್ಧೆಯಿಂದ ಬಂದದ್ದು. ಅದನ್ನು ಕುಲುಮೆಯಿಂದ ಹಿಂದಕ್ಕೆ ಪಡೆಯಲು ಹೊರಟವನಿಗೆ ಖರ್ಚೂ ಹುಟ್ಟದು.

ಆದಕಾರಣ ಮನೆಯವರು ಮಾಡತಕ್ಕದ್ದು ಇಷ್ಟೆ. ಅರ, ಉಳಿ, ದ್ರಾವಕಗಳನ್ನು ದೂರವಿಡಬೇಕು, ತೂಗಿ ಬರೆದಿಡಬೇಕು, ನಾಲ್ಕು ಕಡೆಯಿಂದ ಭಾವಚಿತ್ರ ತೆಗೆದಿಡಬೇಕು. ನೂರು ವರ್ಷಕ್ಕೆ ಕಡಮೆಯಿಲ್ಲದ ಲೋಹಶಿಲ್ಪವನ್ನು ೧೯೭೨ರ ಪುರಾವಸ್ತುಗಳ ಕಾನೂನಿನಂತೆ ನೋಂದಾಯಿಸಬೇಕಾಗಿದೆ. ಕಳವಾದ ಪಕ್ಷದಲ್ಲಿ ಆ ದಾಖಲೆಯೇ ಗುರುತು. ಹಬ್ಬಹಬ್ಬಕ್ಕೂ ಹುಣಸೆಹಣ್ಣಿನಿಂದ ಉಜ್ಜುವ ಅಭ್ಯಾಸವನ್ನೂ ಕಡಮೆಮಾಡುವುದು ಒಳ್ಳೆಯದು. ಹುಳಿಯು ಕಿಲುಬಿನೊಡನೆ ಲೋಹವನ್ನೂ ಸ್ವಲ್ಪ ಸ್ವಲ್ಪವಾಗಿ ಒಯ್ಯುವುದು. ಎಷ್ಟೋ ಮನೆಗಳ ಕೃಷ್ಣನಿಗೆ ಈಗ ಕಣ್ಣುಮೂಗುಗಳಿಲ್ಲ. ಮೇಣದಲ್ಲಿ ಅವನ್ನು ತಿದ್ದಿದ ಕೈಯ ಗುರುತು ಅಜ್ಜಿ ಮೊಮ್ಮಕ್ಕಳ ಭಕ್ತಿಯ ಉಜ್ಜಿನಲ್ಲಿಯೇ ಸವೆದುಹೋಗಿದೆ. ಉಳಿದಿರುವ ಮುಖಗಳನ್ನಾದರೂ ಮೆತ್ತನೆಯ ಒಣಬಟ್ಟೆಯಿಂದ ಒರಸಿ ಕಾಪಾಡಿಕೊಳ್ಳಬೇಕು.