ಯಾರೂ ಫೋನ್ ಮಾಡದ ಹನ್ನೆರಡು ಗಂಟೆ

ರಿಗ್ಗೈಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಹುಡುಗ 2025ರ ಆಗಸ್ಟಿನಲ್ಲಿ ಓದೋದಕ್ಕೆ ಅಮೆರಿಕಕ್ಕೆ ಹೊರಟ. ಹದಿನೆಂಟು ವರ್ಷ, ಎರಡು ಸೂಟ್‌ಕೇಸ್, ಒಂದೊಂದು 23 ಕೆಜಿ. ಅವನಮ್ಮ ಪುತ್ತೂರಿನ ಕಡೆಯವರು. ಮೂರು ದಿನದಿಂದ ತೂಕದ ಮಷೀನಿನ ಪಕ್ಕದಲ್ಲೇ ಕೂತಿದ್ದರು. ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ, ಪುಟ್ಟ ಕುಕ್ಕರ್, ಜ್ವರದ ಮಾತ್ರೆ. ಒಂದು ಸಂಜೆ ನನ್ನನ್ನೂ ಕರೆದರು. "ನೀನು ಅಲ್ಲೇ ಮಾಸ್ಟರ್ಸ್ ಮಾಡಿದ್ದಲ್ವಾ ಮಾರಾಯ್ತಿ, ಇವನಿಗೆ ಸ್ವಲ್ಪ ಹೇಳು. ಚಳಿ, ಬ್ಯಾಂಕು, ಬಸ್ಸು, ಎಲ್ಲ."

ಅವರು ಚಹಾ ಮಾಡೋದಕ್ಕೆ ಒಳಗೆ ಹೋದ ತಕ್ಷಣ ಹುಡುಗ ದನಿ ತಗ್ಗಿಸಿ ಕೇಳಿದ್ದು ಚಳಿಯ ಬಗ್ಗೆ ಅಲ್ಲ. "ಅಕ್ಕಾ, ಫ್ರಾಟ್ ಪಾರ್ಟಿಗೆ ಹೋದ್ರೆ ಏನಾಗ್ತದೆ?"

ಅದೇ ವಾರ ನಮ್ಮ ಫರ್ವಾನಿಯಾ ಗವರ್ನರೇಟಿನ ಆಸ್ಪತ್ರೆಗೆ ಒಂದರ ಹಿಂದೆ ಒಂದು ಆಂಬುಲೆನ್ಸ್ ಬರ್ತಾ ಇದ್ದವು. ಕಳ್ಳಬಟ್ಟಿ ಕುಡಿದವರು. (ಇಲ್ಲೇ ಹುಟ್ಟಿ ಬೆಳೆದ ಓದುಗರಿಗೆ: ಕಳ್ಳಬಟ್ಟಿ ಅಂದರೆ ಕಾನೂನಿಗೆ ಗೊತ್ತಾಗದಂತೆ ಕದ್ದು ಇಳಿಸಿದ ಸಾರಾಯಿ.) ಆಗಸ್ಟ್ 14ರ ಹೊತ್ತಿಗೆ ಆರೋಗ್ಯ ಸಚಿವಾಲಯ ಕೊಟ್ಟ ಲೆಕ್ಕ: 160 ಮಂದಿಗೆ ಮೆಥನಾಲ್ ವಿಷ, 23 ಸಾವು. 51 ಜನರಿಗೆ ತುರ್ತು ಡಯಾಲಿಸಿಸ್, 31 ಜನರಿಗೆ ಉಸಿರಾಟದ ಯಂತ್ರ. ಆಸ್ಪತ್ರೆ ಸೇರಿದವರಲ್ಲಿ ಭಾರತೀಯರು ಸುಮಾರು 40 ಅಂತ ನಮ್ಮ ರಾಯಭಾರ ಕಚೇರಿ ಹೇಳಿತು. ವಾಟ್ಸಾಪ್ ಗುಂಪುಗಳಲ್ಲಿ ಎರಡು ದಿನ ಅದೇ ಮಾತು. ಮೂರನೇ ದಿನ "ನಮ್ಮ ಜನ ಅಂಥಾದ್ದಕ್ಕೆಲ್ಲ ಹೋಗೋದಿಲ್ಲ" ಅಂತ ಒಬ್ಬರು ಬರೆದರು, ಅಲ್ಲಿಗೆ ಮುಗಿಯಿತು.

ಹುಡುಗನ ಪ್ರಶ್ನೆಗೂ ಈ ಸುದ್ದಿಗೂ ಸಂಬಂಧ ಇದೆ ಅಂತ ಆ ಸಂಜೆ ನನಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಬರೆದದ್ದು ಇದು.

ಮೊದಲು ಹೆಸರು. ಫ್ರಟರ್ನಿಟಿ ಅನ್ನುವುದು ಲ್ಯಾಟಿನ್‌ನ ಫ್ರಾಟೆರ್‌ನಿಂದ ಬಂದದ್ದು. ಫ್ರಾಟೆರ್ ಅಂದರೆ ಸಹೋದರ. ನಮ್ಮ ಭ್ರಾತೃ ಅನ್ನುವ ಪದ ಅದಕ್ಕೆ ದೂರದ ದಾಯಾದಿ, ಎರಡಕ್ಕೂ ಮೂಲ ಒಂದೇ. 1776ರ ಡಿಸೆಂಬರಿನಲ್ಲಿ, ಅಮೆರಿಕ ಸ್ವಾತಂತ್ರ್ಯ ಘೋಷಿಸಿ ಆರು ತಿಂಗಳೂ ಆಗಿರಲಿಲ್ಲ, ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನ ಕೆಲವು ಹುಡುಗರು ಫೈ ಬೀಟಾ ಕಪ್ಪ ಅನ್ನುವ ಗುಟ್ಟಿನ ಸಂಘ ಕಟ್ಟಿದರು. ಗುಟ್ಟಿನ ಪ್ರಮಾಣ, ಗುಟ್ಟಿನ ಕೈಕುಲುಕು, ಗ್ರೀಕ್ ಅಕ್ಷರದ ಹೆಸರು. ಅದು ಆಮೇಲೆ ಬರೀ ಜಾಣರ ಸಂಘವಾಯಿತು. ಈಗಿನ ಫ್ರಾಟ್‌ಗಳ ನಿಜವಾದ ಮುತ್ತಜ್ಜ 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿದ ಕಪ್ಪ ಆಲ್ಫಾ ಸೊಸೈಟಿ. ಪಾಠ, ಪ್ರಾರ್ಥನೆ, ಮಲಗುವ ಹೊತ್ತು ಎಲ್ಲವನ್ನೂ ಮೇಷ್ಟ್ರುಗಳೇ ಗೊತ್ತು ಮಾಡ್ತಿದ್ದ ಕಾಲ ಅದು. ಅವರ ಕಣ್ಣಿಗೆ ಬೀಳದ ಒಂದು ಜಾಗ ಹುಡುಗರಿಗೆ ಬೇಕಿತ್ತು. ಆ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಗುಟ್ಟು ಒಮ್ಮೆ ಮನೆಯೊಳಗೆ ಬಂದರೆ ಅದಕ್ಕೆ ತನ್ನದೇ ಕೆಲಸ ಶುರುವಾಗುತ್ತದೆ.

1873ರ ಅಕ್ಟೋಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಟಿಮರ್ ಲೆಗೆಟ್ ಅನ್ನುವ ಹುಡುಗ ಇದೇ ಕಪ್ಪ ಆಲ್ಫಾಕ್ಕೆ ಸೇರುವ ರಾತ್ರಿಯ ವಿಧಿಯ ವೇಳೆ ಕಮರಿಯ ಅಂಚಿನಿಂದ ಬಿದ್ದು ಸತ್ತ. ಅವನಪ್ಪ ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದವರು. 1894ರಲ್ಲಿ ನ್ಯೂಯಾರ್ಕ್ ರಾಜ್ಯ ಹೇಜಿಂಗ್ ವಿರುದ್ಧ ಕಾನೂನು ಮಾಡಿತು, ಅಮೆರಿಕದಲ್ಲಿ ಅಂಥ ಮೊದಲ ಕಾನೂನು. ಹೇಜಿಂಗ್ ಅಂದರೆ ಹೊಸಬರನ್ನು ಸೇರಿಸಿಕೊಳ್ಳುವ ನೆಪದಲ್ಲಿ ಕೊಡುವ ಕಾಟ. 2019ರ ಅಕ್ಟೋಬರಿನಲ್ಲಿ ಅದೇ ಕಾರ್ನೆಲ್‌ನಲ್ಲಿ, ಅದೇ ಊರಿನ ಇನ್ನೊಂದು ಕಮರಿಯಲ್ಲಿ, ಒಂದು ಫ್ರಾಟ್ ಪಾರ್ಟಿಗೆ ಹೋಗಿದ್ದ ಹದಿನೆಂಟರ ಹುಡುಗನ ಶವ ಸಿಕ್ಕಿತು. ನಡುವೆ 146 ವರ್ಷ.

ನಮ್ಮಲ್ಲೂ ಇದು ಹೊಸದಲ್ಲ. ಎದುರು ಮನೆಯ ಅಂಕಲ್ ತಮ್ಮ ಇಂಜಿನಿಯರಿಂಗ್ ಹಾಸ್ಟೆಲಿನ ರ‍್ಯಾಗಿಂಗ್ ಕಥೆಗಳನ್ನು ನಗುನಗುತ್ತಾ ಹೇಳ್ತಾರೆ. ಕರ್ನಾಟಕದ 1983ರ ಶಿಕ್ಷಣ ಕಾಯಿದೆಯೇ ರ‍್ಯಾಗಿಂಗ್ ಅಪರಾಧ ಅಂದಿತ್ತು, ಅಂಕಲ್ ಓದಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಕುಡಿದ ಸೀನಿಯರುಗಳ ಹೊಡೆತಕ್ಕೆ ಅಮನ್ ಕಾಚ್ರೂ ಸತ್ತ. ವಯಸ್ಸು 19. ಆಮೇಲೆ ಯುಜಿಸಿ ನಿಯಮ ತಂದಿತು, ಜೊತೆಗೆ ಹಗಲು ರಾತ್ರಿ ನಡೆಯುವ ಒಂದು ಸಹಾಯವಾಣಿ: 1800-180-5522. ಒಂದು ಜೀವ ಹೋದ ಮೇಲೆ ಬಂದದ್ದು ಒಂದು ಫೋನ್ ನಂಬರ್. ಇದನ್ನು ನೆನಪಿಟ್ಟುಕೊಳ್ಳಿ.

ಈಗ 1984ಕ್ಕೆ ಬರೋಣ, ಈ ಕಥೆ ತಿರುಗುವುದು ಅಲ್ಲಿ. ಆ ವರ್ಷ ಅಮೆರಿಕದ ಒಕ್ಕೂಟ ಸರ್ಕಾರ, 21 ವರ್ಷದೊಳಗಿನವರು ಮದ್ಯ ಕೊಳ್ಳುವುದನ್ನು ತಡೆಯದ ರಾಜ್ಯಗಳಿಗೆ ಹೆದ್ದಾರಿ ಹಣ ಕಡಿತ ಮಾಡ್ತೇವೆ ಅಂತ ಕಾನೂನು ಮಾಡಿತು. ರಾಜ್ಯಗಳು ಒಂದೊಂದಾಗಿ ಒಪ್ಪಿದವು. ರಸ್ತೆ ಅಪಘಾತದ ಸಾವು ಕಡಿಮೆಯಾದವು. ಅದು ಸಣ್ಣ ಲಾಭವಲ್ಲ, ನಾನು ಆ ಕಾನೂನಿನ ವಿರೋಧಿ ಅಲ್ಲ. ಆದರೆ ಹದಿನೆಂಟರ ಹುಡುಗರು ಕುಡಿಯುವುದನ್ನು ಬಿಡಲಿಲ್ಲ, ಜಾಗ ಬದಲಾಯಿಸಿದರು. ಬಾರ್‌ನಲ್ಲಿ ಅಳೆದು ಕೊಡುವವನಿದ್ದ, ಸಾಕು ಅನ್ನುವವನಿದ್ದ. ಫ್ರಾಟ್ ಮನೆಯ ನೆಲಮಾಳಿಗೆಯಲ್ಲಿ ಇರುವುದು ಕೆಂಪು ಪ್ಲಾಸ್ಟಿಕ್ ಲೋಟ, ಮತ್ತು ಏನೇನು ಬೆರೆಸಿದ್ದಾರೋ ಬೆರೆಸಿದವನಿಗೂ ಗೊತ್ತಿಲ್ಲದ ಒಂದು ದೊಡ್ಡ ಡ್ರಮ್ಮು. ಹುಡುಗಿಯರ ಸಂಘಗಳು ಬಹುಪಾಲು ತಮ್ಮ ಮನೆಯೊಳಗೆ ಮದ್ಯ ಬಿಡುವುದಿಲ್ಲ. ಹಾಗಾಗಿ ಪಾರ್ಟಿ ನಡೆಯುವುದು ಹುಡುಗರ ಮನೆಯಲ್ಲಿ. ಬಾಗಿಲಲ್ಲಿ ಯಾರನ್ನು ಬಿಡಬೇಕು, ಲೋಟಕ್ಕೆ ಏನು ಹೋಗಬೇಕು, ಮೇಲಿನ ಕೋಣೆಯ ಬೀಗದ ಕೈ ಯಾರ ಹತ್ತಿರ, ಎಲ್ಲ ಅವರದ್ದೇ ತೀರ್ಮಾನ. ಹೆಣ್ಣುಮಕ್ಕಳನ್ನು ಕಳಿಸುವ ಮನೆಯವರು "ಲೋಟ ಕೆಳಗಿಡಬೇಡ" ಅಂತಾರಲ್ಲ, ಅದು ಸರಿ. ಆದರೆ ಆ ಮನೆಯ ಯಾವ ಭಾಗವೂ ಅವಳ ಹತೋಟಿಯಲ್ಲಿಲ್ಲ, ಜೊತೆಗೆ ಬಂದವರನ್ನು ಬಿಟ್ಟರೆ. ಒಟ್ಟಿಗೆ ಹೋದವರು ಒಟ್ಟಿಗೇ ಹೊರಡಬೇಕು ಅನ್ನುವುದರ ಲೆಕ್ಕ ಇಷ್ಟೇ.

ಕುವೈತ್ ಇದನ್ನು ಇಪ್ಪತ್ತು ವರ್ಷ ಮೊದಲೇ ನೋಡಿತ್ತು. ಇಲ್ಲಿ ಮದ್ಯವನ್ನು ನಿಷೇಧಿಸಿದ ಕಾನೂನು 1964ರದ್ದು. ಬಾಟಲಿ ಅಂಗಡಿಯಿಂದ ಹೋಯಿತು, ಎಲ್ಲೋ ಒಂದು ಫ್ಲ್ಯಾಟಿನ ಅಡುಗೆಮನೆಯಲ್ಲಿ ಹುಟ್ಟಿತು. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಬಟ್ಟಿಗೆ ನೂರೈವತ್ತಕ್ಕೂ ಹೆಚ್ಚು ಸಾವು. ಹಾಗಂತ ಸಾರಾಯಿ ಕಾನೂನುಬದ್ಧವಾಗಿದ್ದ ಕಾಲದಲ್ಲಿ ಎಲ್ಲ ಸರಿ ಇತ್ತು ಅಂದುಕೊಳ್ಳಬೇಡಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲೇ ವಿಷದ ಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ನಿಷೇಧ ಬೇಕೋ ಬೇಡವೋ ಅನ್ನುವ ವಾದ ನನಗೆ ಇಲ್ಲಿ ಬೇಡ. ಬಚ್ಚಿಟ್ಟು ಕುಡಿದವನ ಕೈಗೆ ಫೋನ್ ಭಾರವಾಗುತ್ತದೆ, ನಾನು ನೋಡ್ತಾ ಇರೋದು ಅದನ್ನು.

ಮೆಥನಾಲ್ ವಿಷದಲ್ಲಿ ಈ ಭಾರ ಪ್ರಾಣಕ್ಕೇ ಬರುತ್ತದೆ. ಕುಡಿದ ಹೊತ್ತಿನಲ್ಲಿ ಮಾಮೂಲಿ ಅಮಲು. ಲಿವರ್ ಅದನ್ನು ನಿಧಾನವಾಗಿ ಫಾರ್ಮಿಕ್ ಆಮ್ಲವಾಗಿ ಬದಲಾಯಿಸುತ್ತದೆ. ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಹೊಟ್ಟೆನೋವು, ಏದುಸಿರು, ಕಣ್ಣೆದುರು ಮಂಜು ಸುರಿದ ಹಾಗೆ ಮಸುಕು. ಬೇಗ ಹೋದರೆ ಪ್ರತ್ಯೌಷಧ ಇದೆ, ಡಯಾಲಿಸಿಸ್ ಇದೆ. ಆದರೆ ಆಸ್ಪತ್ರೆಗೆ ಹೋದರೆ "ಏನು ಕುಡಿದೆ?" ಅಂತ ಕೇಳ್ತಾರೆ. ಉತ್ತರ ಕೊಟ್ಟರೆ ಕೆಲಸ, ಇಕಾಮಾ, ಊರಿಗೆ ಕಳಿಸುವ ದುಡ್ಡು ಎಲ್ಲ ಹೋದೀತು, ಗಡೀಪಾರೇ ಆದೀತು ಅನ್ನುವ ಹೆದರಿಕೆ. "ಮಲಗಿದರೆ ಸರಿಹೋಗ್ತದೆ" ಅಂತ ಮಲಗಿಬಿಡುವುದು ಸುಲಭ.

ಮಲಗಿದರೆ ಸರಿಹೋಗ್ತದೆ. ಇದೇ ಮಾತನ್ನು ಪೆನ್ಸಿಲ್ವೇನಿಯಾದ ಒಂದು ದೊಡ್ಡ ಮನೆಯಲ್ಲೂ ನಂಬಿದ್ದರು.

2017ರ ಫೆಬ್ರವರಿ 2. ಪೆನ್ ಸ್ಟೇಟ್ ವಿಶ್ವವಿದ್ಯಾಲಯ, ಬೀಟಾ ಥೀಟಾ ಪೈ ಅನ್ನುವ ಫ್ರಾಟ್. ಅಧಿಕೃತವಾಗಿ ಅದು ಮದ್ಯವೇ ಇಲ್ಲದ ಮನೆ, ಇದನ್ನು ಎರಡು ಸಲ ಓದಿ. ಅಂದು ಹೊಸಬರನ್ನು ಸೇರಿಸಿಕೊಳ್ಳುವ ರಾತ್ರಿ. ಹತ್ತೊಂಬತ್ತು ವರ್ಷದ ಟಿಮೊಥಿ ಪಿಯಾಜಾಗೆ 82 ನಿಮಿಷದಲ್ಲಿ ಕನಿಷ್ಠ 18 ಡ್ರಿಂಕ್ ಕುಡಿಸಿದರು ಅಂತ ಆಮೇಲೆ ವಿಚಾರಣೆಯಲ್ಲಿ ಗೊತ್ತಾಯಿತು. ಲಿವರ್ ಕರಗಿಸಬಲ್ಲದ್ದು ಗಂಟೆಗೆ ಹೆಚ್ಚುಕಡಿಮೆ ಒಂದು. ರಾತ್ರಿ ಮುಕ್ಕಾಲು ಹನ್ನೊಂದರ ಹೊತ್ತಿಗೆ ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ. ಎತ್ತಿ ತಂದು ಸೋಫಾದ ಮೇಲೆ ಮಲಗಿಸಿದರು. ಅಂಗಾತ ಹೊರಳಿ ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದಿರಲಿ ಅಂತ ಬೆನ್ನಿಗೆ ಭಾರ ತುಂಬಿದ ಬ್ಯಾಗ್ ಹಾಕಿದರು. ಅಂದರೆ ಅಪಾಯ ಇದೆ ಅನ್ನುವುದು ಅವರಿಗೆ ಗೊತ್ತಿತ್ತು! ಆಂಬುಲೆನ್ಸ್ ಕರೆಯೋಣ ಅಂದ ಒಬ್ಬ ಹೊಸಬನನ್ನು ಗೋಡೆಗೆ ತಳ್ಳಿದರು. ಬೆಳಿಗ್ಗೆ ಅವನು ತಣ್ಣಗೆ ಬಿದ್ದಿರುವುದು ಕಂಡ ಮೇಲೂ ಸುಮಾರು ನಲವತ್ತು ನಿಮಿಷ ಕಳೆಯಿತು. 911ಕ್ಕೆ ಫೋನ್ ಹೋದದ್ದು ಬೆಳಿಗ್ಗೆ ಮುಕ್ಕಾಲು ಹನ್ನೊಂದಕ್ಕೆ. ಹನ್ನೆರಡು ಗಂಟೆ. ಫೆಬ್ರವರಿ 4ರಂದು ಟಿಮೊಥಿ ಸತ್ತ. ಇಷ್ಟೆಲ್ಲ ನಮಗೆ ಗೊತ್ತಿರುವುದು ಆ ಮನೆಯ ಸಿಸಿಟಿವಿಯಿಂದ.

ನನ್ನ ಕೆಲಸ ದತ್ತಾಂಶದ್ದು, ಹಾಗಾಗಿ ಒಂದು ಮಾತು. ಇಂಥ ಸಾವುಗಳ ಸರ್ಕಾರಿ ಲೆಕ್ಕವೇ ಇರಲಿಲ್ಲ. ಹ್ಯಾಂಕ್ ನೂವರ್ ಅನ್ನುವ ಒಬ್ಬ ಪತ್ರಕರ್ತ ದಶಕಗಟ್ಟಲೆ ಸುದ್ದಿ ಹೆಕ್ಕಿ ಪಟ್ಟಿ ಮಾಡಿದರು. ಆ ಪಟ್ಟಿ ನೋಡಿದರೆ 1959ರಿಂದ 2021ರವರೆಗೆ ಹೇಜಿಂಗ್ ಸಾವಿಲ್ಲದ ಒಂದು ವರ್ಷವೂ ಇಲ್ಲ. ಕಾಲೇಜುಗಳು ಹೇಜಿಂಗ್ ಅನ್ನು ಎಣಿಸಿ ವರದಿ ಮಾಡಲೇಬೇಕು ಅನ್ನುವ ಒಕ್ಕೂಟ ಕಾನೂನು ಬಂದದ್ದು 2024ರ ಡಿಸೆಂಬರಿನಲ್ಲಿ. ಎದುರು ಮನೆಯ ಹುಡುಗನಿಗೆ ನಾನು ಮೊದಲು ಹೇಳಿದ್ದೂ ಇದನ್ನೇ: ನಿನ್ನ ಕಾಲೇಜಿನ ಹೇಜಿಂಗ್ ವರದಿ ವೆಬ್‌ಸೈಟಿನಲ್ಲಿ ಇರ್ತದೆ, ಸಂಘದ ಹೆಸರು ಹುಡುಕಿ ನೋಡು, ಆಮೇಲೆ ಪಾರ್ಟಿ.

ಎರಡನೆಯದು ಕಾರ್ನೆಲ್‌ನದ್ದೇ. 2002ರಲ್ಲಿ ಆ ವಿಶ್ವವಿದ್ಯಾಲಯ ಒಂದು ನಿಯಮ ಮಾಡಿತು: ಕುಡಿದು ಪ್ರಜ್ಞೆ ತಪ್ಪಿದವರಿಗಾಗಿ ಸಹಾಯ ಕೇಳಿದರೆ, ಕೇಳಿದವನಿಗೂ ಬಿದ್ದವನಿಗೂ ಕುಡಿದದ್ದಕ್ಕೆ ಕಾಲೇಜಿನಿಂದ ಶಿಕ್ಷೆ ಇಲ್ಲ. ಹೀಗೆ ಮಾಡಿದರೆ ಹುಡುಗರು ಇನ್ನಷ್ಟು ಕುಡೀತಾರೆ ಅನ್ನುವ ಆತಂಕ ಸಹಜ. ಮುಂದಿನ ವರ್ಷಗಳ ಅಂಕಿಅಂಶ ಬೇರೆ ಹೇಳಿತು. ಕುಡಿತ ಏರಲಿಲ್ಲ, ಸಹಾಯಕ್ಕೆ ಬರುವ ಕರೆ ಏರಿತು. ಈಗ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಇಂಥದೇ ಕಾನೂನು ಇದೆ. 2018ರಲ್ಲಿ ಪಿಯಾಜಾ ಹೆಸರಿನಲ್ಲೇ ಪೆನ್ಸಿಲ್ವೇನಿಯಾ ಮಾಡಿದ ಕಾನೂನಿನಲ್ಲೂ, ಫೋನ್ ಮಾಡಿ ಸಹಾಯ ಬರುವವರೆಗೆ ಪಕ್ಕದಲ್ಲೇ ನಿಂತವರಿಗೆ ರಕ್ಷಣೆ ಇದೆ. ವಿವರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೊರಡುವ ಮೊದಲೇ ಓದಿಕೊಳ್ಳಬೇಕು, ಬಿದ್ದವನ ಪಕ್ಕದಲ್ಲಿ ಕೂತು ಅಲ್ಲ.

ಆದರೆ ನಮ್ಮ ಮಕ್ಕಳಿಗೆ ಇನ್ನೊಂದು ಹೆದರಿಕೆ ಇದೆ, ಅದು ವಿಸಾ. ನನಗೂ ಇತ್ತು.

ಮಾಸ್ಟರ್ಸ್‌ನ ಎರಡನೇ ಸೆಮಿಸ್ಟರ್. ಫ್ರಾಟ್ ಅಲ್ಲ, ಒಂದು ಅಪಾರ್ಟ್‌ಮೆಂಟ್. ನಮ್ಮಂತೆಯೇ ಗಲ್ಫ್‌ನಲ್ಲಿ ಬೆಳೆದ ಒಬ್ಬ ಹುಡುಗ, ಮೊದಲ ಸಲ ಕುಡಿದವನು, ಬಾತ್‌ರೂಮಿನ ನೆಲದಲ್ಲಿ ಬಿದ್ದಿದ್ದ. ಕರೆದರೆ ಏಳ್ತಾ ಇಲ್ಲ, ತುಟಿ ನೀಲಿ. ನಾವು ಆರು ಜನ ಸುತ್ತ ನಿಂತಿದ್ದೆವು, ಎಲ್ಲರೂ ವಿದ್ಯಾರ್ಥಿ ವಿಸಾದವರು. ಒಬ್ಬ ನಿಂಬೆಹಣ್ಣು ಅಂದ, ಒಬ್ಬಳು ತಣ್ಣೀರು ಸ್ನಾನ ಅಂದಳು. ಪೊಲೀಸ್ ಬಂದರೆ ಏನು ಅಂತ ಎಲ್ಲರೂ ಅಂದರು. ನಾನೂ ಅಂದೆ. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಉಸಿರು ಎಣಿಸಿದವಳು ನಮ್ಮಲ್ಲಿ ಒಬ್ಬ ನೇಪಾಳಿ ಹುಡುಗಿ. ನಿಮಿಷಕ್ಕೆ ಏಳು. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ, ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿನ ಅಂತರ ಅಂದರೆ ಅದು ನಿದ್ದೆಯಲ್ಲ, ವಿಷ. ಅವಳೇ ಫೋನ್ ಮಾಡಿದಳು, ಅವನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದು ಕೂತಳು. ಕೊನೆಯ ಗುಟುಕು ಇಳಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಏರ್ತಾನೇ ಇರ್ತದೆ ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿ, ಆಂಬುಲೆನ್ಸಿನವರಿಂದ. ನಿಂಬೆ, ಕಾಫಿ, ತಣ್ಣೀರು ಯಾವುದೂ ಅದನ್ನು ಇಳಿಸುವುದಿಲ್ಲ.

ಹುಡುಗ ಬದುಕಿದ. ನಮ್ಮ ಆರು ಜನರಲ್ಲಿ ಯಾರ ವಿಸಾಕ್ಕೂ ಏನೂ ಆಗಲಿಲ್ಲ. ಅವನ ಅಮ್ಮನಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ. ಆ ಇಪ್ಪತ್ತು ನಿಮಿಷವನ್ನು ನಾನು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಎದುರು ಮನೆಯಲ್ಲಿ ಹೇಳಿದೆ. ಹುಡುಗನಿಗೆ ಹೇಳ್ತಾ ಇರುವಾಗಲೇ ಅವನಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನಾನು ಮಾತು ನಿಲ್ಲಿಸಿದೆ. "ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ" ಅಂತಾರೆ ಅಂದುಕೊಂಡೆ. ಅವರು ತಟ್ಟೆಯನ್ನು ಸೂಟ್‌ಕೇಸಿನ ಮೇಲೇ ಇಟ್ಟು ಕೂತರು.

"ನೋಡು," ಅಂದರು ಮಗನಿಗೆ. "ಹಾಗೇನಾದ್ರೂ ಆದ್ರೆ ಮೊದಲು ಆ ನಂಬರಿಗೆ ಫೋನ್ ಮಾಡು. ಆಮೇಲೆ ನನಗೆ. ಇಲ್ಲಿ ಎಷ್ಟು ಗಂಟೆ ಅಂತ ಲೆಕ್ಕ ಹಾಕ್ತಾ ಕೂರಬೇಡ. ಬೈಯುವುದು ನಾನು ಆಮೇಲೆ ಬೈತೇನೆ."

ಆಮೇಲೆ ನನ್ನ ಕಡೆ ತಿರುಗಿ, ಆ ನೇಪಾಳಿ ಹುಡುಗಿ ಈಗ ಎಲ್ಲಿದ್ದಾಳೆ ಅಂತ ಕೇಳಿದರು.